ಮರಣವೂ ಪರಿಹಾಸವೂ

ಹುಟ್ಟಿದವರಿಗೆಲ್ಲ ಮರಣವು ನಿಶ್ಚಿತವೆಂಬುದನ್ನು ಅರಿಯದವರು ಲೋಕದಲ್ಲಿಲ್ಲ. ಆದರೆ ಅನ್ಯರ ಮರಣವಾರ್ತೆಯು ಕಿವಿಗೆ ಬಿದ್ದಾಗ ತಮ್ಮ ನಾಲಗೆಯು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅರಿತವರು ವಿರಳ. ತೀರಿಕೊಂಡವರು ಬಂಧುಗಳಾದರೆ ಕಣ್ಣೀರು ತಾನಾಗಿಯೇ ಬರುವುದು. ಅಪರಿಚಿತರಾದರೆ ಮೌನವು ಸಹಜವಾಗಿಯೇ ಒದಗುವುದು. ಆದರೆ ತೀರಿಕೊಂಡವರು ಅಧಿಕಾರಪೀಠದಲ್ಲಿದ್ದವರಾಗಿ, ಆ ಪೀಠದ ಆಳಿಕೆಯಿಂದ ನೊಂದವರು ಲೋಕದಲ್ಲಿ ಬಹುಮಂದಿ ಇದ್ದ ಪಕ್ಷದಲ್ಲಿ ನಾಲಗೆಗೆ ನಿಜವಾದ ಪರೀಕ್ಷೆಯೊದಗುವುದು. ಆಗ ಹೊಗಳಬೇಕೆ? ಮೌನವಾಗಿರಬೇಕೆ? ನಗಬೇಕೆ? ನಕ್ಕರೆ ಅದು ಅಧರ್ಮವೆ? ನಗಬೇಡಿರೆಂದು ನೊಂದವರ ಬಾಯಿ ಮುಚ್ಚಿಸುವುದು ಧರ್ಮವೆ? ಈ ಪ್ರಶ್ನೆಯು ಅರಮನೆಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಊರ ಸಾಹುಕಾರನೊಬ್ಬನು ತೀರಿಕೊಂಡ ದಿನ ಹಳ್ಳಿಯ ಕಟ್ಟೆಯ ಮೇಲೆಯೂ ಇದೇ ಪ್ರಶ್ನೆಯು ಬಂದು ಕುಳಿತಿರುವುದು. ಆದುದರಿಂದ ಗೃಹಸ್ಥರಾದ ಸದ್ಭಕ್ತರಿಗೂ ಇದರ ವಿಚಾರವು ಅವಶ್ಯಕವಾಗಿದೆ.

2022ನೆಯ ಇಸವಿ ಸೆಪ್ಟೆಂಬರ್ 8ನೆಯ ದಿನ ನಡೆದ ಒಂದು ಪ್ರಸಂಗವು ಈ ಪ್ರಶ್ನೆಯನ್ನು ಲೋಕದ ಮುಂದೆ ಎತ್ತಿ ನಿಲ್ಲಿಸಿತು. ಅಂದು ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರು ಸ್ಕಾಟ್‌ಲೆಂಡಿನ ಬಾಲ್ಮೋರಲ್ ಸೌಧದಲ್ಲಿ 96 ವರ್ಷ ವಯಸ್ಸಿನವರಾಗಿ ಮೃತರಾದರು. 1952ರ ಫೆಬ್ರವರಿಯಲ್ಲಿ ಪಟ್ಟಕ್ಕೆ ಬಂದ ಅವರು 70 ವರ್ಷಗಳಿಗೂ ಮಿಗಿಲಾಗಿ ಸಿಂಹಾಸನದಲ್ಲಿದ್ದರು. ಅವರ ಪಾರ್ಥಿವ ಶರೀರವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ದರ್ಶನಕ್ಕಿರಿಸಿದಾಗ ಸುಮಾರು 2,50,000 ಜನರು ಹಗಲಿರುಳೆನ್ನದೆ, ಮೈಲಿಗಟ್ಟಲೆ ಬೆಳೆದ ಸಾಲಿನಲ್ಲಿ ನಿಂತು ಬಂದು ತಲೆಬಾಗಿ ಹೋದರು. ಭಾರತ ಸರಕಾರವು ಸೆಪ್ಟೆಂಬರ್ 11ನೆಯ ದಿನವನ್ನು ಶೋಕದಿನವಾಗಿ ಆಚರಿಸಿತು. ಕನ್ನಡ ನಾಡಿಗೂ ಅವರು ತೀರ ಅಪರಿಚಿತರಾಗಿರಲಿಲ್ಲ. 1961ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿಗೆ ಬಂದು ಲಾಲ್‌ಬಾಗಿನಲ್ಲಿ ಸಸಿಯೊಂದನ್ನು ನೆಟ್ಟು ಹೋಗಿದ್ದರು.

ಇದು ಒಂದು ಮುಖ. ಇನ್ನೊಂದು ಮುಖವು ಅದೇ ದಿನ ಸಾಯಂಕಾಲವೇ ಕಾಣಿಸಿಕೊಂಡಿತು. ಐರ್ಲೆಂಡಿನ ಡಬ್ಲಿನ್ ನಗರದ ಅಂಚಿನಲ್ಲಿರುವ ಟಾಲಾ ಎಂಬಲ್ಲಿ ಅಂದು ಕಾಲ್ಚೆಂಡಿನ ಪಂದ್ಯ ನಡೆಯುತ್ತಿದ್ದಿತು. ಮರಣವಾರ್ತೆ ತಲಪಿದ ಮೇಲೆ ಪ್ರೇಕ್ಷಕರಲ್ಲಿ ಒಂದು ಗುಂಪು ರಾಣಿಯ ಹೆಸರನ್ನು ಮೊಟಕುಮಾಡಿ, ಅವರು ಪೆಟ್ಟಿಗೆ ಸೇರಿದರೆಂದು ತಾಳ ಹಾಕಿ ಹಾಡಿ ನಲಿಯಿತು. ಆ ದೃಶ್ಯವು ಮೊಬೈಲುಗಳ ಮೂಲಕ ಸ್ವಲ್ಪ ಕಾಲದಲ್ಲಿಯೇ ಲೋಕದ ನಾನಾ ದೇಶಗಳನ್ನು ಮುಟ್ಟಿತು. ಕೆಲವರು ನಕ್ಕರು, ಕೆಲವರು ಕೆರಳಿದರು. ಬಳಿಕ ಆ ತಂಡದ ಸಂಘವೇ ಹಾಡಿದವರ ನಡತೆಯು ತನ್ನ ಸಂಪ್ರದಾಯಕ್ಕೆ ತಕ್ಕುದಲ್ಲವೆಂದು ಸಾರಿತು. ಇತ್ತ ಬ್ರಿಟನ್ನಿನಲ್ಲಿ ಎಡಿನ್‌ಬರೋ ನಗರದ ಬೀದಿಯಲ್ಲಿ ರಾಜಪ್ರಭುತ್ವವು ತೊಲಗಲೆಂಬ ಫಲಕವನ್ನು ಹಿಡಿದ ಹೆಂಗಸೊಬ್ಬಳನ್ನೂ, ಆಕ್ಸ್‌ಫರ್ಡಿನಲ್ಲಿ ಹೊಸ ದೊರೆಯ ಪಟ್ಟಘೋಷಣೆಯಾಗುತ್ತಿರುವಾಗ ಇವರನ್ನು ಆರಿಸಿದವರು ಯಾರೆಂದು ಕೂಗಿ ಕೇಳಿದ ಗಂಡಸೊಬ್ಬನನ್ನೂ ಪೊಲೀಸರು ಹಿಡಿದೊಯ್ದರು. ಹೀಗೆ ಒಂದೇ ಮರಣದ ಮುಂದೆ ಕಣ್ಣೀರು, ನಗೆ, ಪ್ರಶ್ನೆ, ಕಟ್ಟಪ್ಪಣೆ ಎಂಬ ನಾಲ್ಕೂ ಏಕಕಾಲದಲ್ಲಿ ಬಂದು ನಿಂತವು. ಇವುಗಳಲ್ಲಿ ಯಾವುದು ಯುಕ್ತ, ಯಾವುದು ಅಯುಕ್ತ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ನಗೆಯನ್ನು ನಿಂದಿಸುವವರ ಪಕ್ಷವನ್ನು ಆಲಿಸಬೇಕು. ಸತ್ತವರು ತಿರುಗಿ ಉತ್ತರ ಕೊಡಲಾರರು. ಉತ್ತರ ಕೊಡಲಾರದವರ ಮೇಲೆ ಮಾತಿನ ಕಲ್ಲೆಸೆಯುವುದು ಹೇಡಿತನ. ಅದರಲ್ಲಿಯೂ ತೊಂಬತ್ತಾರು ವರ್ಷದ ಒಬ್ಬ ವೃದ್ಧೆ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಮರಿಮಕ್ಕಳನ್ನೂ ಕಂಡವರು. ಅವರ ಮನೆಯವರು ಅಳುತ್ತಿರುವಾಗ ಬೀದಿಯಲ್ಲಿ ನಗುವುದು ಮನುಷ್ಯತ್ವಕ್ಕೆ ಕುಂದು. ಇದು ಅವರ ವಾದ. ಈ ವಾದದಲ್ಲಿ ಸತ್ಯಾಂಶವಿರುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ನಕ್ಕವರ ಪಕ್ಷವನ್ನೂ ಅಷ್ಟೇ ತಾಳ್ಮೆಯಿಂದ ಆಲಿಸದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವರು ಹೇಳುವುದೇನೆಂದರೆ: ಈ ಕಿರೀಟದ ನೆರಳಿನಲ್ಲಿ ಸತ್ತವರಿಗಾಗಿ ಯಾವ ಗಂಟೆಯೂ ಮೊಳಗಲಿಲ್ಲ. 1845ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಯು ರೋಗದಿಂದ ಕೊಳೆತು ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಹಸಿವು ತಂದ ವ್ಯಾಧಿಗಳಿಂದಲೂ ಸತ್ತರು. ಜನರು ಸಾಯುತ್ತಿರುವಾಗಲೇ ಆ ನಾಡಿನ ಬಂದರುಗಳಿಂದ ಧಾನ್ಯವು ಹೊರಗೆ ಸಾಗುತ್ತಿದ್ದಿತು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ನಿರಾಯುಧರಾದ ಜನರ ಮೇಲೆ ಗುಂಡಿನ ಮಳೆ ಸುರಿಯಿತು. ಎಲಿಜಬೆತ್ ಅವರ ಕಾಲದಲ್ಲಿಯೇ ಕೀನ್ಯಾ ದೇಶದಲ್ಲಿ 1952ರಿಂದ 1960ರವರೆಗೆ ತುರ್ತುಪರಿಸ್ಥಿತಿಯಿದ್ದು, ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿ ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ತಂದೆಯ ಮರಣದಿಂದ ಅವರಿಗೆ ಪಟ್ಟವು ಪ್ರಾಪ್ತವಾದ ದಿನ ಅವರು ಪ್ರವಾಸದಲ್ಲಿದ್ದುದೂ ಅದೇ ಕೀನ್ಯಾ ದೇಶದಲ್ಲಿಯೇ ಎಂಬುದು ಇತಿಹಾಸದ ವೈಚಿತ್ರ್ಯ. ‘ನಮ್ಮ ಅಜ್ಜಂದಿರ ಸಾವಿಗೆ ಯಾರೂ ಟೋಪಿ ತೆಗೆಯಲಿಲ್ಲ, ಈ ಸಾವಿಗೆ ಮಾತ್ರ ಲೋಕವೆಲ್ಲ ತಲೆಬಾಗಬೇಕೆಂದರೆ ನಗೆಯಲ್ಲದೆ ಮತ್ತೇನು ಬಂದೀತು?’ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯಲ್ಲಿರುವ ನೋವು ನಿಜವಾದುದು. ನಗೆಯನ್ನು ಖಂಡಿಸುವವನು ಈ ನೋವನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ಒಪ್ಪಿಕೊಳ್ಳದೆ ಆಡಿದ ನೀತಿಯ ಮಾತು ಬಲವಂತನ ಪಕ್ಷಪಾತವೇ ಸರಿ.

ಹಾಗಾದರೆ ನಗೆಯು ಸರಿಯಾಯಿತೆ? ಇಲ್ಲಿ ಒಂದು ಸೂಕ್ಷ್ಮವಾದ ವಿವೇಚನೆಯನ್ನು ಮಾಡಬೇಕು. ನೋವು ನಿಜವಾದ ಮಾತ್ರಕ್ಕೆ ಆ ನೋವಿನಿಂದ ಹೊರಟ ಬಾಣವೆಲ್ಲವೂ ಗುರಿ ಮುಟ್ಟುವುದೆಂಬ ನಿಯಮವಿಲ್ಲ. ಟಾಲಾ ಕ್ರೀಡಾಂಗಣದ ಆ ಹಾಡು ಯಾರನ್ನು ಮುಟ್ಟಿತು? ಮೃತರನ್ನೆ? ಅವರ ಕಿವಿಯು ಎಲ್ಲ ಹಾಡುಗಳನ್ನೂ ಎಲ್ಲ ಸ್ತೋತ್ರಗಳನ್ನೂ ಮೀರಿ ಹೋಗಿದ್ದಿತು. ಸಿಂಹಾಸನವನ್ನೆ? ಬ್ರಿಟನ್ನಿನ ವಿಧಿಯ ಪ್ರಕಾರ ಸಿಂಹಾಸನವು ಒಂದು ಕ್ಷಣವೂ ಬರಿದಾಗಿರುವುದಿಲ್ಲ. ತಾಯಿಯ ಉಸಿರು ನಿಂತ ಕ್ಷಣದಲ್ಲಿಯೇ ಮಗನಾದ ಚಾರ್ಲ್ಸ್ ಅವರು ದೊರೆಯಾದರು. ಜನರು ಪೆಟ್ಟಿಗೆಯನ್ನು ಕುರಿತು ನಗುತ್ತಿರುವಾಗ, ಯಾವುದರ ಮೇಲೆ ಅವರ ಆಕ್ಷೇಪವಿದ್ದಿತೋ ಆ ಅಧಿಕಾರವು ಬೇರೊಬ್ಬರ ತಲೆಯ ಮೇಲೆ ಕುಶಲವಾಗಿಯೇ ಇದ್ದಿತು. ಹೀಗೆ ಮೃತರನ್ನೂ ಮುಟ್ಟದೆ, ಸಿಂಹಾಸನವನ್ನೂ ಮುಟ್ಟದೆ ಹೋದ ಆ ಮಾತು ಇಬ್ಬರ ಮೇಲೆ ಮಾತ್ರ ಬಿದ್ದಿತು: ಅಳುತ್ತಿದ್ದ ನಿರಪರಾಧಿಗಳ ಮೇಲೆ ಒಂದಿಷ್ಟು, ಆಡಿದವರ ನಾಲಗೆಯ ಮೇಲೆ ಉಳಿದಷ್ಟು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ಇಲ್ಲಿಯೂ ಸಲ್ಲುವುದು.

ಇದು ಇಂದಿನ ಮಾತಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಎಂಬ ದೊರೆಯು 72 ವರ್ಷಗಳ ಕಾಲ ಪಟ್ಟದಲ್ಲಿದ್ದು, ತನ್ನ 77ನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನಗಳಿರುವಾಗ 1715ರ ಸೆಪ್ಟೆಂಬರ್ 1ರಂದು ಮೃತನಾದನು. ಸೂರ್ಯರಾಜನೆಂದು ಅವನನ್ನು ಕೊಂಡಾಡಿದವರ ಸಂಖ್ಯೆಗೆ ಮಿತಿಯಿರಲಿಲ್ಲ. ಆದರೆ ಅವನ ಯುದ್ಧಗಳಿಗಾಗಿ ತೆತ್ತ ಕರಗಳಿಂದ ಜನರು ಬೆಂದುಹೋಗಿದ್ದರು. ಅವನ ಶವವು ಸಾಂ ದೆನಿಯ ದೇವಾಲಯಕ್ಕೆ ಸಾಗುವ ದಾರಿಯಲ್ಲಿ ಜನರು ಚಿಕ್ಕ ಡೇರೆಗಳನ್ನು ಹಾಕಿಕೊಂಡು ಕುಡಿಯುತ್ತ, ಹಾಡುತ್ತ, ನಗುತ್ತ ಇದ್ದುದನ್ನು ಆಗ ತರುಣನಾಗಿದ್ದ ವೋಲ್ತೇರನು ಕಣ್ಣಾರೆ ಕಂಡು, ಮುಂದೆ ಆ ದೊರೆಯ ಯುಗವನ್ನು ಕುರಿತು ಬರೆದ ಇತಿಹಾಸದಲ್ಲಿ ದಾಖಲೆಮಾಡಿರುವನು. ಆ ನಗೆಯಿಂದ ಆದುದೇನು? ಐದು ವರ್ಷದ ಮರಿಮಗನು ಅದೇ ಸಿಂಹಾಸನವನ್ನೇರಿದನು. ಕರದ ಭಾರವು ಬಡವರ ಬೆನ್ನಿನಿಂದ ಇಳಿಯಲಿಲ್ಲ. 1793ರಲ್ಲಿ ಕ್ರಾಂತಿಯ ಕಾಲದ ಜನರು ಅದೇ ಸಾಂ ದೆನಿಯ ಗೋರಿಗಳನ್ನು ಒಡೆದು, ಲೂಯಿಯೂ ಸೇರಿದಂತೆ ಹಳೆಯ ದೊರೆಗಳ ಅವಶೇಷಗಳನ್ನು ಗುಂಡಿಗಳಿಗೆ ಎಸೆದರು. ಎಲುಬುಗಳ ಮೇಲೆ ತೀರಿಸಿಕೊಂಡ ಸೇಡಿನಿಂದಲೂ ಒಂದು ಹಸಿದ ಹೊಟ್ಟೆ ತುಂಬಿದುದಿಲ್ಲ.

ಆದರೆ ಅದೇ ಲೂಯಿಯ ಉತ್ತರಕ್ರಿಯೆಯ ಸಂದರ್ಭದಲ್ಲಿ ಮಾಸಿಯೋಂ ಎಂಬ ಧರ್ಮೋಪದೇಶಕನು ನಡೆದುಕೊಂಡ ರೀತಿಯು ಸ್ಮರಣೀಯವಾಗಿದೆ. ‘ಮಹಾರಾಜ’ನೆಂಬ ಬಿರುದನ್ನು ಹೊತ್ತಿದ್ದ ಆ ದೊರೆಯನ್ನು ಕುರಿತು ಮಾತನಾಡಲು ನಿಂತ ಅವನು, ದೊಡ್ಡವನು ದೇವನೊಬ್ಬನೇ ಎಂಬ ತತ್ತ್ವದಿಂದಲೇ ತನ್ನ ಉಪನ್ಯಾಸವನ್ನು ಆರಂಭಿಸಿದನು. ಅವನು ನಗಲಿಲ್ಲ, ಹೊಗಳಿಕೆಯ ಹೊಳೆಯನ್ನೂ ಹರಿಸಲಿಲ್ಲ. ಸತ್ಯವನ್ನು ನುಡಿದನು. ಸ್ತುತಿಗೂ ಪರಿಹಾಸಕ್ಕೂ ನಡುವೆ ಮೂರನೆಯ ಹಾದಿಯೊಂದು ಇರುವುದೆಂಬುದಕ್ಕೆ ಇದು ಸಾಕ್ಷಿ.

ಆ ಮೂರನೆಯ ಹಾದಿ ಯಾವುದು? ಅದನ್ನು ತೋರಿಸುವ ಒಂದು ಗುರುತು ರಾಣಿ ಎಲಿಜಬೆತ್ ಅವರ ಅಂತ್ಯಕ್ರಿಯೆಯಲ್ಲಿಯೇ ಅಡಗಿದ್ದಿತು. 2022ರ ಸೆಪ್ಟೆಂಬರ್ 19ರಂದು ವಿಂಡ್ಸರಿನ ಸೇಂಟ್ ಜಾರ್ಜ್ ಪ್ರಾರ್ಥನಾಮಂದಿರದಲ್ಲಿ, ಶವಪೆಟ್ಟಿಗೆಯನ್ನು ನೆಲಮಾಳಿಗೆಗೆ ಇಳಿಸುವ ಮುನ್ನ, ಅದರ ಮೇಲಿದ್ದ ಕಿರೀಟವನ್ನೂ ರಾಜದಂಡವನ್ನೂ ಚಿನ್ನದ ಗೋಲವನ್ನೂ ಒಂದೊಂದಾಗಿ ತೆಗೆದು ವೇದಿಕೆಯ ಮೇಲಿರಿಸಿದರು. ಅರಮನೆಯ ಅಧಿಕಾರಿಯು ತನ್ನ ಬೆತ್ತವನ್ನು ಮುರಿದು ಪೆಟ್ಟಿಗೆಯ ಮೇಲಿಟ್ಟನು. ಅನಂತರ ಆ ಪೆಟ್ಟಿಗೆಯು ಕಿರೀಟವಿಲ್ಲದೆ ಕೆಳಗಿಳಿಯಿತು. ಈ ವಿಧಿಯ ಅರ್ಥವು ಸ್ಪಷ್ಟವಾಗಿದೆ. ಕಿರೀಟವು ರಾಜ್ಯದ್ದು, ಅದು ಮೇಲೆ ಉಳಿಯುವುದು. ಕಾಯವು ಮಣ್ಣಿನದು, ಅದು ಮಣ್ಣಿಗೆ ಸೇರುವುದು. ಎಪ್ಪತ್ತು ವರ್ಷ ಕೂಡಿದ್ದ ಇವೆರಡನ್ನು ಮರಣವು ಬೇರ್ಪಡಿಸಿತು.

ಮರಣವು ಬೇರ್ಪಡಿಸಿದ ಈ ಎರಡನ್ನು ಬೇರ್ಪಡಿಸಿ ನೋಡಲಾರದಿರುವುದೇ ಇಲ್ಲಿ ಮೂಲದೋಷ. ಪರಿಹಾಸ ಮಾಡುವವನು ಕಿರೀಟದ ಮೇಲಣ ಕೋಪವನ್ನು ಕಾಯದ ಮೇಲೆ ತೀರಿಸಿಕೊಳ್ಳುವನು. ಸ್ತುತಿಪಾಠಕನು ಕಾಯದ ಮೇಲಣ ಕನಿಕರವನ್ನು ಕಿರೀಟಕ್ಕೆ ಕವಚವಾಗಿ ತೊಡಿಸುವನು. ಒಬ್ಬನು ‘ಅಧಿಕಾರವು ಕೆಟ್ಟದ್ದು, ಆದುದರಿಂದ ವೃದ್ಧೆಯ ಸಾವಿಗೆ ನಗುವೆನು’ ಎನ್ನುವನು. ಇನ್ನೊಬ್ಬನು ‘ವೃದ್ಧೆಯು ಸತ್ತಿರುವರು, ಆದುದರಿಂದ ಅಧಿಕಾರವನ್ನು ಕುರಿತು ಪ್ರಶ್ನಿಸಬೇಡ’ ಎನ್ನುವನು. ಮೇಲ್ನೋಟಕ್ಕೆ ಪರಮ ವಿರೋಧಿಗಳಾಗಿ ಕಾಣುವ ಈ ಇಬ್ಬರೂ ಒಂದೇ ತಪ್ಪನ್ನು ಮಾಡುವರು. ಇಬ್ಬರಿಗೂ ಪೆಟ್ಟಿಗೆಯ ಮೇಲಿನ ಕಿರೀಟವು ಕಾಣುವುದೇ ಹೊರತು ಒಳಗಿನ ಮನುಷ್ಯಜೀವವು ಕಾಣುವುದಿಲ್ಲ. ಮರಣಕ್ಕೆ ಸಲ್ಲಬೇಕಾದುದು ಮೌನ; ಅಧಿಕಾರಕ್ಕೆ ಸಲ್ಲಬೇಕಾದುದು ಪ್ರಶ್ನೆ. ಒಂದಕ್ಕೆ ಸಲ್ಲಬೇಕಾದುದನ್ನು ಇನ್ನೊಂದಕ್ಕೆ ಸಲ್ಲಿಸಿದಾಗ ಎರಡೂ ಕೆಡುವುವು.

ಆದುದರಿಂದ ಎಡಿನ್‌ಬರೋ ಆಕ್ಸ್‌ಫರ್ಡುಗಳಲ್ಲಿ ಪೊಲೀಸರು ಹಿಡಿದವರನ್ನು ಟಾಲಾದಲ್ಲಿ ಹಾಡಿದವರ ಪಂಕ್ತಿಗೆ ಸೇರಿಸುವುದು ವಿವೇಕವಲ್ಲ. ಅವರು ಕೇಳಿದುದು ಅಧಿಕಾರವನ್ನು, ನಕ್ಕುದು ಮರಣವನ್ನಲ್ಲ. ಹೊಸ ದೊರೆಯನ್ನು ಆರಿಸಿದವರು ಯಾರೆಂಬುದು, ಕಾಲವು ಒಪ್ಪಿಗೆಯಾಗದಿದ್ದರೂ, ಪ್ರಶ್ನೆಯೇ ಸರಿ. ಕಟ್ಟಪ್ಪಣೆಯಿಂದ ತರಿಸಿದ ಶೋಕವು ಶೋಕವಲ್ಲ. ರಾಣಿಯ ಪತಿಯಾಗಿದ್ದ ರಾಜಕುಮಾರ ಫಿಲಿಪ್ ಅವರು 2021ರ ಏಪ್ರಿಲ್ 9ರಂದು 99 ವರ್ಷ ವಯಸ್ಸಿನವರಾಗಿ ತೀರಿಕೊಂಡಾಗ, ಬಿ.ಬಿ.ಸಿ. ಸಂಸ್ಥೆಯು ತನ್ನ ಇತರ ಕಾರ್ಯಕ್ರಮಗಳನ್ನು ಬದಿಗೊತ್ತಿ ಅದೊಂದನ್ನೇ ಬಿತ್ತರಿಸಿತೆಂದು 1,00,000ಕ್ಕೂ ಮಿಕ್ಕಿ ಆಕ್ಷೇಪಣೆಗಳು ಆ ಸಂಸ್ಥೆಗೆ ಬಂದವು. ಆಕ್ಷೇಪಿಸಿದವರೆಲ್ಲರೂ ಕಠಿನಹೃದಯರೆಂದು ಹೇಳಲಾಗದು. ಮೇರೆಮೀರಿದ ಸ್ತುತಿಯು ಕೇಳುವವರ ಕನಿಕರವನ್ನು ಬತ್ತಿಸುವುದು. ಕನಿಕರವು ಬತ್ತಿದ ನೆಲದಲ್ಲಿ ಪರಿಹಾಸದ ಮುಳ್ಳು ಬೆಳೆಯುವುದು. ಹೀಗೆ ಪರಿಹಾಸದ ಪಾಪದಲ್ಲಿ ಸ್ತುತಿಪಾಠಕನಿಗೂ ಪಾಲುಂಟು.

ನೋವನ್ನು ಮರೆಯದೆ, ಮರಣವನ್ನು ಹೀಯಾಳಿಸದೆ ನಡೆಯುವುದು ಸಾಧ್ಯವೆ ಎಂದು ಕೇಳಿದರೆ, ಸಾಧ್ಯವೆಂಬುದಕ್ಕೆ ಅದೇ ಐರ್ಲೆಂಡಿನಲ್ಲಿಯೇ ನಿದರ್ಶನವುಂಟು. 1979ರ ಆಗಸ್ಟ್ 27ರಂದು ಭಾರತದ ಕೊನೆಯ ವೈಸರಾಯರಾಗಿದ್ದ ಮೌಂಟ್‌ಬ್ಯಾಟನ್ನರನ್ನು ಐರ್ಲೆಂಡಿನ ಸಶಸ್ತ್ರ ಗಣರಾಜ್ಯವಾದಿಗಳು ದೋಣಿಯಲ್ಲಿ ಸಿಡಿಮದ್ದಿಟ್ಟು ಕೊಂದರು. ಅವರು ರಾಣಿಯ ಪತಿಗೆ ಸೋದರಮಾವಂದಿರು. ಅವರೊಡನೆ ಎಳೆಯ ಮೊಮ್ಮಗನೊಬ್ಬನೂ ದೋಣಿಯ ಹುಡುಗನೊಬ್ಬನೂ ಸತ್ತರು. ಹೀಗೆ ಎರಡು ಕಡೆಯೂ ಗಾಯಗಳಿದ್ದುವು. ಆದರೂ ರಾಣಿಯವರು 2011ರ ಮೇ ತಿಂಗಳಲ್ಲಿ ಡಬ್ಲಿನ್ನಿಗೆ ಹೋಗಿ, ಬ್ರಿಟಿಷ್ ಕಿರೀಟದ ವಿರುದ್ಧ ಹೋರಾಡಿ ಮಡಿದವರ ಸ್ಮಾರಕೋದ್ಯಾನದಲ್ಲಿ ಹೂಮಾಲೆಯಿಟ್ಟು ತಲೆಬಾಗಿದರು. 2012ರ ಜೂನ್ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ, ಒಂದು ಕಾಲದಲ್ಲಿ ಆ ಸಶಸ್ತ್ರ ದಳದ ನಾಯಕರಾಗಿದ್ದ ಮಾರ್ಟಿನ್ ಮೆಗಿನೆಸ್ ಅವರ ಕೈಹಿಡಿದರು. 2017ರಲ್ಲಿ ಮೆಗಿನೆಸ್ ಅವರು ತೀರಿಕೊಂಡಾಗ ಅವರ ಪತ್ನಿಗೆ ಸಾಂತ್ವನದ ಮಾತನ್ನು ಕಳುಹಿಸಿದರು.

ಇನ್ನು ರಾಣಿಯವರೇ ತೀರಿಕೊಂಡಾಗ ಮೆಗಿನೆಸ್ ಅವರ ಪಕ್ಷವಾದ ಷಿನ್ ಫೇನ್ ನಡೆದುಕೊಂಡ ರೀತಿಯನ್ನು ನೋಡಬೇಕು. ರಾಜಪ್ರಭುತ್ವವನ್ನು ಒಪ್ಪದಿರುವುದೇ ಆ ಪಕ್ಷದ ಮೂಲತತ್ತ್ವ. ಹೊಸ ದೊರೆಯ ಪಟ್ಟಘೋಷಣೆಯ ಸಮಾರಂಭಕ್ಕೆ ಆ ಪಕ್ಷದವರು ಹೋಗಲಿಲ್ಲ. ಆದರೆ ಮೃತರಿಗೆ ಸಂತಾಪ ಸೂಚಿಸುವುದರಲ್ಲಿ ಹಿಂದೆಗೆಯಲಿಲ್ಲ. ಉತ್ತರ ಐರ್ಲೆಂಡಿನ ಶಾಸನಸಭೆಯ ಅಧ್ಯಕ್ಷರಾಗಿದ್ದ ಅಲೆಕ್ಸ್ ಮ್ಯಾಸ್ಕಿ ಅವರು ಅದೇ ಪಕ್ಷದವರು. ತಾರುಣ್ಯದಲ್ಲಿ ಬ್ರಿಟಿಷ್ ಸರಕಾರವು ಅವರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಿದ್ದಿತು. ಅಂಥವರೇ 2022ರ ಸೆಪ್ಟೆಂಬರ್ 13ರಂದು ದೊರೆ ಚಾರ್ಲ್ಸ್ ಅವರ ಎದುರಿನಲ್ಲಿ ನಿಂತು ಸಭೆಯ ಪರವಾಗಿ ಸಂತಾಪದ ನುಡಿಗಳನ್ನು ಗಂಭೀರವಾಗಿ ಆಡಿದರು. ಅವರು ಪಟ್ಟಕ್ಕೆ ತಲೆಬಾಗಲಿಲ್ಲ; ಮರಣಕ್ಕೆ ತಲೆಬಾಗಿದರು. ತಾಯಿಯನ್ನು ಕಳೆದುಕೊಂಡ ಮಗನಿಗೆ ಸಲ್ಲಬೇಕಾದುದು ಸಂದಿತು. ಸಿಂಹಾಸನಕ್ಕೆ ಕೊಡಲೊಪ್ಪದ ಗೌರವವು ತಮ್ಮಲ್ಲಿಯೇ ಉಳಿಯಿತು. ಕ್ರೀಡಾಂಗಣದಲ್ಲಿ ಹಾಡಿದವರಿಗೂ ಇವರಿಗೂ ಇತಿಹಾಸದ ನೋವು ಒಂದೇ. ವಿವೇಕವು ಮಾತ್ರ ಬೇರೆ.

ನೊಂದವರು ಲೆಕ್ಕವನ್ನು ಕೇಳಬೇಡವೆ? ಅವಶ್ಯವಾಗಿ ಕೇಳಬೇಕು, ಆದರೆ ಉತ್ತರ ಕೊಡಬಲ್ಲವರನ್ನು ಕೇಳಬೇಕು. ಕೀನ್ಯಾ ದೇಶದ ಕೆಲವು ಮಂದಿ ವೃದ್ಧರು, ಶಿಬಿರಗಳಲ್ಲಿ ತಮಗಾದ ಹಿಂಸೆಗೆ ಪರಿಹಾರವನ್ನು ಕೋರಿ 2009ರಲ್ಲಿ ಲಂಡನ್ನಿನ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಅವರಲ್ಲಿದ್ದುದು ಮುಪ್ಪಾದ ದೇಹ, ಅದರ ಮೇಲಿನ ಗಾಯದ ಕಲೆಗಳು, ಸತ್ಯವನ್ನು ಹೇಳುವ ಬಾಯಿ, ಇಷ್ಟೆ. 2013ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸರಕಾರವು ಪಾರ್ಲಿಮೆಂಟಿನಲ್ಲಿ ಹಿಂಸೆ ನಡೆದುದನ್ನು ಒಪ್ಪಿ ವಿಷಾದವನ್ನು ವ್ಯಕ್ತಪಡಿಸಿ, 5,228 ಮಂದಿಗಾಗಿ 1 ಕೋಟಿ 99 ಲಕ್ಷ ಪೌಂಡುಗಳನ್ನು ಕೊಡಲೊಪ್ಪಿತು. ಕಳೆದುಹೋದ ಬಾಳಿಗೆ ಆ ಹಣವು ಸಾಟಿಯಲ್ಲ ನಿಜ. ಆದರೆ ಅಧಿಕಾರವು ಬದುಕಿರುವಾಗಲೇ, ಅದರ ಮುಖದೆದುರಿನಲ್ಲಿಯೇ, ಅದರ ಬಾಯಿಂದಲೇ ತಪ್ಪೊಪ್ಪಿಗೆಯನ್ನು ಹೊರಡಿಸಿದ ಆ ವೃದ್ಧರ ಧೈರ್ಯದ ಮುಂದೆ, ಸಾವಿನ ಸುದ್ದಿ ಬಂದ ಮೇಲೆ ಗುಂಪಿನ ಮರೆಯಲ್ಲಿ ನಿಂತು ಹಾಡುವ ಹಾಡಿಗೆ ಯಾವ ತೂಕವುಂಟು? ಜಲಿಯನ್‌ವಾಲಾಬಾಗಿಗೆ 1997ರಲ್ಲಿ ರಾಣಿಯವರು ಬಂದು ಹೂವಿಟ್ಟು ನಮಿಸಿದರೂ ಕ್ಷಮೆಯ ಮಾತು ಬರಲಿಲ್ಲವೆಂಬ ಕೊರಗು ಭಾರತದಲ್ಲಿ ಉಳಿದಿದೆ. ಆ ದೇಶದ ವಿಧಿಯಂತೆ ರಾಣಿಯು ಮಂತ್ರಿಗಳ ಸಲಹೆಯಂತೆ ನಡೆಯತಕ್ಕವರು. ಕ್ಷಮೆ ಕೇಳಬೇಕಾದುದು ಆ ಸರಕಾರ. ಆ ಸರಕಾರವು ಸತ್ತಿಲ್ಲ. ಆದುದರಿಂದ ಆ ಪ್ರಶ್ನೆಯೂ ಸಾಯಬೇಕಾಗಿಲ್ಲ.

ಬ್ರಿಟಿಷರ ಆಳಿಕೆಯಿಂದ ನೊಂದವರ ಘನತೆಗೆ ನಿದರ್ಶನವನ್ನು ಅರಸಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಹತನಾದನು. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನವರಿಗೆ ಸೆರೆಸಿಕ್ಕರು. ಸೇಡು ತೀರಿಸಿಕೊಳ್ಳುವ ಮನಸ್ಸಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಆದರೆ ಆ ಇಬ್ಬರೂ ಕೂದಲು ಕೊಂಕದೆ ಡಿಸೆಂಬರ್ ತಿಂಗಳಲ್ಲಿ ಬಿಡುಗಡೆಹೊಂದಿದರು. ಅದಾದ ಕೆಲವೇ ದಿನಗಳಲ್ಲಿ ಕಿತ್ತೂರು ಬ್ರಿಟಿಷರ ಕೈಸೇರಿತು; ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯರಾದರು. ಲೌಕಿಕರ ಲೆಕ್ಕದಲ್ಲಿ ಅವರು ಸೋತವರು. ಆದರೆ ಕೈಯಲ್ಲಿ ಕತ್ತಿಯಿದ್ದಾಗ ಕಾದಿದವರು, ಕೈಗೆ ಸಿಕ್ಕ ಶತ್ರುವನ್ನು ಹೀನೈಸಲಿಲ್ಲ. ಎದುರಿಸಬೇಕಾದ ಕಾಲದಲ್ಲಿ ಎದುರಿಸುವುದು, ಎದುರಾಳಿಯು ನಿರಾಯುಧನಾದ ಮೇಲೆ ಕೈತಡೆಯುವುದು, ಇದು ವೀರರ ಧರ್ಮ. ಸತ್ತವರಿಗಿಂತ ನಿರಾಯುಧರು ಇನ್ನಾರಿರುವರು?

ಶರಣರ ಬಾಳಿನಲ್ಲಿಯೂ ಇದೇ ವಿವೇಕವು ಬೆಳಗುತ್ತಿರುವುದು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಆ ದೊರೆಯ ಎದುರಿನಲ್ಲಿಯೇ, ಅವನು ಬದುಕಿದ್ದಾಗಲೇ, ಅಧಿಕಾರಕ್ಕೆ ಅಂಜದೆ ಸತ್ಯವನ್ನು ನುಡಿದರು. ಮನುಷ್ಯನೆದುರಿನ ಭಯವು ಶಿವನೆದುರಿನ ಭಕ್ತಿಯೊಡನೆ ಕೂಡಿ ಬಾಳಲಾರದೆಂದು ಸಾರಿದರು. ನುಡಿಯನ್ನು ಕುರಿತ ಅವರ ವಚನವನ್ನು ಅರಿಯದ ಭಕ್ತರ ಮನೆಯಿಲ್ಲ. ಆಡುವ ಮಾತಿಗೆ ಅವರು ಇಟ್ಟ ಒರೆಗಲ್ಲು ಕೇಳುವ ಗುಂಪಿನ ಚಪ್ಪಾಳೆಯಲ್ಲ, ಲಿಂಗದ ಒಪ್ಪಿಗೆ. ಈ ಒರೆಗಲ್ಲಿನ ಮೇಲೆ ಪರಿಹಾಸವನ್ನು ಉಜ್ಜಿದರೆ ಅದು ಹಿತ್ತಾಳೆಯೆಂದು ತಿಳಿಯುವುದು. ಮುಖಸ್ತುತಿಯನ್ನು ಉಜ್ಜಿದರೆ ಅದೂ ಹಿತ್ತಾಳೆಯೆಂದೇ ತಿಳಿಯುವುದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ಕಿರೀಟವನ್ನು ತ್ಯಜಿಸಿ ಕಲ್ಯಾಣಕ್ಕೆ ಬಂದು ಸೌದೆ ಮಾರುವ ಕಾಯಕವನ್ನು ಕೈಕೊಂಡರೆಂದು ಪುರಾತನರ ಕಥೆಗಳು ಹೇಳುವುವು. ಕಿರೀಟವನ್ನು ತಾವೇ ಕೆಳಗಿಟ್ಟವರು ಅವರು. ಇತರರ ಕಿರೀಟವನ್ನು ಮರಣವೇ ಬಂದು ಕೆಳಗಿಡಬೇಕಾಗುವುದು. ಆದರೆ ಒಂದಲ್ಲ ಒಂದು ದಿನ ಅದು ಕೆಳಗಿಳಿಯುವುದು ನಿಶ್ಚಯ.

ವೀರಶೈವರ ಸಮಾಧಿವಿಧಿಯು ಈ ತತ್ತ್ವವನ್ನೇ ಆಚರಣೆಯಲ್ಲಿ ತೋರಿಸುವುದು. ಶರೀರವನ್ನು ವಿಭೂತಿಯಿಂದ ಅಲಂಕರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ, ಕುಳಿತ ಭಂಗಿಯಲ್ಲಿ ಸಮಾಧಿಗೆ ಇಳಿಸಿ, ಬಿಲ್ವಪತ್ರೆಯನ್ನೂ ವಿಭೂತಿಯನ್ನೂ ತುಂಬುವರು. ದೇಸಾಯರ ವಾಡೆಯ ಯಜಮಾನನಿಗೂ ಅವನ ಹೊಲದಲ್ಲಿ ದುಡಿದ ಆಳಿಗೂ ಅಂಗೈಯ ಮೇಲಿನ ಲಿಂಗ ಒಂದೇ, ಮೇಲೆ ಬೀಳುವ ಮಣ್ಣು ಒಂದೇ. ಹಳ್ಳಿಗಳಲ್ಲಿ ಹಗೆಯಿದ್ದ ಮನೆಯವರೂ ಮಣ್ಣಿಗೆ ಹೋಗುವ ವಾಡಿಕೆಯಿರುವುದು. ಬದುಕಿದ್ದಾಗ ಮಾತು ಬಿಟ್ಟವನೂ ಒಂದು ಹಿಡಿ ಮಣ್ಣನ್ನು ಕೊಟ್ಟು ಬರುವನು. ಆ ಒಂದು ಹಿಡಿ ಮಣ್ಣಿನ ಅರ್ಥ ‘ನೀನು ಮಾಡಿದುದೆಲ್ಲ ಸರಿ’ ಎಂದಲ್ಲ. ‘ನೀನು ಹೋದ ದಾರಿಯಲ್ಲಿ ನಾನೂ ಬರುವವನು’ ಎಂದು ಅದರ ಅರ್ಥ. ಅನ್ಯರ ಮರಣಕ್ಕೆ ನಗುವವನು ತನ್ನ ಮರಣವನ್ನು ಮರೆತವನು. ಇದಕ್ಕಿಂತ ಹೆಚ್ಚಿನ ಮರೆವು ಬೇರೊಂದಿಲ್ಲ.

ಊರಿನಲ್ಲಿ ಬಡ್ಡಿಗೆ ಬಡ್ಡಿ ಸೇರಿಸಿ ಹತ್ತು ಮನೆಗಳ ಹೊಲವನ್ನು ಸೆಳೆದುಕೊಂಡ ಸಾಹುಕಾರನೊಬ್ಬನು ಮುಪ್ಪಿನಲ್ಲಿ ತೀರಿಕೊಂಡನೆಂದು ಭಾವಿಸಬಹುದು. ಅವನ ವಿಮಾನವು ಅಗಸಿಯನ್ನು ದಾಟುವಾಗ ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬನು ಕೊಂಕುನುಡಿಯನ್ನಾಡಿ ಎಲ್ಲರನ್ನೂ ನಗಿಸುವನು. ಇನ್ನೊಬ್ಬನು ಅವನ ಮಗನ ಕೃಪೆಯನ್ನು ಬಯಸಿ, ಸತ್ತವನು ಧರ್ಮರಾಯನೇ ಆಗಿದ್ದನೆಂದು ಹಾಡಿಹೊಗಳುವನು. ಹೊಲ ಕಳೆದುಕೊಂಡ ಮೂರನೆಯವನು ಸುಮ್ಮನೆ ಎದ್ದು ಹೋಗಿ ಮಣ್ಣು ಕೊಟ್ಟು ಬರುವನು. ದಿನಗಳು ಕಳೆದ ಮೇಲೆ, ಹಿರಿಯರನ್ನು ಜೊತೆಯಲ್ಲಿ ಕರೆದುಕೊಂಡು ಮಗನ ಬಾಗಿಲಿಗೆ ಹೋಗಿ, ‘ನಿಮ್ಮ ತಂದೆಯವರು ಹೋದರು, ಪತ್ರವು ಉಳಿದಿದೆ, ಅದರಲ್ಲಿರುವ ಅನ್ಯಾಯವನ್ನು ನೀವು ಸರಿಪಡಿಸಬೇಕು’ ಎಂದು ನೆಟ್ಟಗೆ ಕೇಳುವನು. ಈ ಮೂವರಲ್ಲಿ ಮಗನು ಅಂಜುವುದು ಯಾರಿಗೆ? ನಗಿಸಿದವನಿಗಲ್ಲ, ಹೊಗಳಿದವನಿಗಲ್ಲ, ಮಣ್ಣು ಕೊಟ್ಟು ಬಂದು ಲೆಕ್ಕ ಕೇಳಿದವನಿಗೆ. ಆ ಮನುಷ್ಯನ ಕೈಯಲ್ಲಿ ದ್ವೇಷದ ಕೊಳೆಯಿಲ್ಲದಿರುವುದರಿಂದಲೇ ಅವನ ಪ್ರಶ್ನೆಗೆ ಬಲವಿರುವುದು.

ಇದರೊಡನೆ ಅಧಿಕಾರವುಳ್ಳವರೂ ಒಂದು ಮಾತನ್ನು ನೆನೆಯಬೇಕು. ತಮ್ಮ ಮರಣದ ದಿನ ಜನರು ನಗದಿರಲೆಂದು ಯಾವ ದೊರೆಯೂ ಶಾಸನಮಾಡಲಾರನು. ಪೊಲೀಸರನ್ನು ನಿಲ್ಲಿಸಿ ಬಾಯಿಗಳನ್ನು ಮುಚ್ಚಿಸಬಹುದೇ ಹೊರತು ಮನಸ್ಸುಗಳನ್ನಲ್ಲ. ಆ ದಿನದ ಮೌನವನ್ನು ಬದುಕಿರುವಾಗಲೇ ಸಂಪಾದಿಸಬೇಕು. ಮನೆಯ ಯಜಮಾನ, ಮಠದ ಅಧಿಕಾರಿ, ಶಾಲೆಯ ಉಪಾಧ್ಯಾಯ, ಊರಿನ ಪಂಚರು, ಇವರೆಲ್ಲರೂ ತಮ್ಮತಮ್ಮ ಮಟ್ಟಿಗೆ ಕಿರೀಟಧಾರಿಗಳೇ. ತಮ್ಮ ಕೈಕೆಳಗಿನವರು ಇಂದು ಎದುರಿಗೆ ಹೇಳಲಾರದ ಮಾತನ್ನು ನಾಳೆ ಚಟ್ಟದ ಹಿಂದೆ ಹೇಳುವರು. ಇಂದೇ ಎದುರಿಗೆ ಹೇಳಲು ಅವರಿಗೆ ಎಡೆಗೊಟ್ಟರೆ ನಾಳೆಯ ಪರಿಹಾಸಕ್ಕೆ ಎಡೆಯಿರುವುದಿಲ್ಲ.

ಸಾರಾಂಶವಿಷ್ಟೆ. ಮರಣವು ಎಲ್ಲರಿಗೂ ಸಮಾನ, ಅದರ ಮುಂದೆ ನಾಲಗೆಯು ಮೌನವನ್ನು ತಾಳಲಿ. ಅನ್ಯಾಯವು ಸತ್ತವರೊಡನೆ ಸಾಯುವುದಿಲ್ಲ, ಅದರ ಮುಂದೆ ನಾಲಗೆಯು ಮೌನವನ್ನು ತಾಳದಿರಲಿ. ಕಿರೀಟವು ಇಳಿದ ಮೇಲೆ ಉಳಿಯುವ ಜೀವಕ್ಕೆ ಒಂದು ಹಿಡಿ ಮಣ್ಣು ಸಲ್ಲಲಿ. ಮುಂದಿನವರ ತಲೆಗೇರಿದ ಕಿರೀಟಕ್ಕೆ ನೆಟ್ಟಗಿನ ಪ್ರಶ್ನೆಯು ಸಲ್ಲಲಿ. ಈ ಎರಡನ್ನು ಬೆರೆಸದೆ ನಡೆಯುವವನ ಮಾತನ್ನು ಬದುಕಿರುವವರು ಕೇಳುವರು, ಲಿಂಗವು ಮೆಚ್ಚುವುದು. ಇಂಥ ನುಡಿಯೂ ನಡೆಯೂ ಸದ್ಭಕ್ತರೆಲ್ಲರಿಗೂ ಸಿದ್ಧಿಸಲಿ.